ಅರವತ್ತು ದಾಟಿದ ಮೇಲೆ ಫ್ಲೈ ಫಿಶಿಂಗ್: ವಾಟೆ ಕೋಲು ಹಿಡಿದವರು ಹೊಸದಾಗಿ ಕಲಿಯಬೇಕಾದ್ದೇನು?

ಪ್ರಶ್ನೆ: ನನಗೀಗ 61. ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿ ಮೈಸೂರಿನಲ್ಲಿದ್ದೇನೆ. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಸೋದರಮಾವ ತೋಟದ ಕೆಳಗಿನ ಹಳ್ಳಕ್ಕೆ ಗಾಳ ಹಾಕಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ವಾಟೆ (ಸಪೂರ ಬಿದಿರು) ಕೋಲು, ದಾರ, ಎರೆಹುಳ, ಅಷ್ಟೆ. ನೆರಳು ನೀರಿಗೆ ಬೀಳಬಾರದು, ಬಂದ ತಕ್ಷಣ ಗಾಳ ಹಾಕಬಾರದು, ಸ್ವಲ್ಪ ಹೊತ್ತು ಸುಮ್ಮನೆ ಕೂತು ನೀರು ನೋಡಬೇಕು ಅನ್ನುತ್ತಿದ್ದರು. ದೊಡ್ಡವಳಾದ ಮೇಲೆ ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಅಂತ ಮನೆಯಲ್ಲಿ ನಿಲ್ಲಿಸಿದರು. ಹೋದ ವರ್ಷ ಅಮೆರಿಕದ ಕೊಲರಾಡೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಎಸ್ಟೆಸ್ ಪಾರ್ಕ್ ಊರಿನ ಹೊಳೆಯಲ್ಲಿ ಫ್ಲೈ ಫಿಶಿಂಗ್ (ಗರಿಯ ಹುಳ ಕಟ್ಟಿದ ದಾರ ಬೀಸಿ ಮೀನು ಹಿಡಿಯುವುದು) ಮಾಡುತ್ತಿದ್ದವರನ್ನು ನೋಡಿದೆ. ಅವತ್ತಿನಿಂದ ಅದೇ ಗುಂಗು. ಬಲ ಭುಜಕ್ಕೆ ಫ್ರೋಜನ್ ಶೋಲ್ಡರ್ ಬಂದು ವಾಸಿಯಾಗಿದೆ. ಹತ್ತಿರದ್ದು ನೋಡಲು ಕನ್ನಡಕ ಬೇಕೇ ಬೇಕು. ಈ ವಯಸ್ಸಿನಲ್ಲಿ ಕಲಿಯಬಹುದೇ? ಏನೇನು ಕೊಳ್ಳಬೇಕು? ನಮ್ಮ ಕಡೆ ಇದಕ್ಕೆ ಜಾಗ ಇದೆಯೇ? ಮುಂದಿನ ವರ್ಷ ಮತ್ತೆ ಮಗಳ ಮನೆಗೆ ಹೋಗುವವಳಿದ್ದೇನೆ.

ಉತ್ತರ:

ಧಾರಾಳವಾಗಿ ಕಲಿಯಬಹುದು. ನಿಮ್ಮ ಪತ್ರ ನೋಡಿದರೆ ಅರ್ಧ ಕಲಿತೇ ಬಂದಿದ್ದೀರಿ, ಅದೂ ಕಷ್ಟದ ಅರ್ಧ.

ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಜಾಸ್ತಿ ಜನ ಬೆಂಗಳೂರಿನ ಹುಡುಗರು. ರಾಡ್ ಬೀಸುವುದನ್ನು ಅವರು ಎರಡು ದಿನದಲ್ಲಿ ಒಂದು ಮಟ್ಟಕ್ಕೆ ಹಿಡಿದುಬಿಡುತ್ತಾರೆ. ಆಮೇಲೆ ಹೊಳೆ ದಡದಲ್ಲಿ ನಿಲ್ಲಿಸಿ, ಮೀನು ಎಲ್ಲಿರಬಹುದು ತೋರಿಸಿ ಅಂದರೆ ಎಲ್ಲರೂ ನಡುಹೊಳೆಗೆ ಕೈ ತೋರಿಸುತ್ತಾರೆ. ಮೀನು ಇರುವುದು ಅವರ ಕಾಲಿನಿಂದ ನಾಲ್ಕು ಅಡಿ ಆಚೆ, ಬಂಡೆಯ ಹಿಂದಿನ ನಿಂತ ನೀರಿನಲ್ಲಿ. ಅವರು ಮಾತಾಡಿಕೊಂಡು ದಡಕ್ಕೆ ಬಂದಾಗಲೇ ಅದು ಹೋಗಿರುತ್ತದೆ. ನಿಮ್ಮ ಮಾವ ಹೇಳಿಕೊಟ್ಟ ಮೂರು ಮಾತಿದೆಯಲ್ಲ, ನೆರಳು ಬೀಳಬಾರದು, ತಕ್ಷಣ ಹಾಕಬಾರದು, ಕೂತು ನೀರು ನೋಡಬೇಕು ಅಂತ, ಅದನ್ನು ಈ ಹುಡುಗರ ತಲೆಗೆ ಹೊಗಿಸಲು ನನಗೆ ತಿಂಗಳುಗಳು ಬೇಕು. ಕೆಲವರಿಗೆ ಎಂದೂ ಹೋಗುವುದಿಲ್ಲ.

ಹಾಗಾಗಿ ನೀವು ಹೊಸದಾಗಿ ಕಲಿಯಬೇಕಾದ್ದು ಕೈಕೆಲಸ. ಅದನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ನೀವು ಹಾಕುತ್ತಿದ್ದ ಗಾಳದಲ್ಲಿ ಎರೆಹುಳಕ್ಕೆ, ಸೀಸದ ಗುಂಡಿಗೆ ತೂಕ ಇತ್ತು. ಆ ತೂಕ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಫ್ಲೈ ಫಿಶಿಂಗ್‌ನಲ್ಲಿ ಗಾಳದ ತುದಿಯಲ್ಲಿರುವುದು ಗರಿ, ನೂಲು, ರೋಮ ಸುತ್ತಿ ಹುಳದ ಹಾಗೆ ಕಾಣುವಂತೆ ಮಾಡಿದ ಪುಟ್ಟ ಹುಕ್ಕು. ಅದನ್ನೇ ಫ್ಲೈ ಅನ್ನುವುದು. ಅದಕ್ಕೆ ತೂಕವೇ ಇಲ್ಲ. ಕೈಯಲ್ಲಿ ಹಿಡಿದು ಎಸೆದರೆ ಎರಡು ಅಡಿ ದೂರ ಬೀಳುತ್ತದೆ. ಅದನ್ನು ನಲವತ್ತು ಅಡಿ ಆಚೆ ಒಯ್ಯಲು ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ಫ್ಲೈ ಲೈನ್ ದಪ್ಪ, ಮೇಲೆ ಪ್ಲಾಸ್ಟಿಕ್ ಲೇಪ. ರಾಡ್ ಮೇಲೆ 3, 5, 8 ಅಂತ ಬರೆದಿರುವುದು ಯಾವ ತೂಕದ ಲೈನ್ ಹಾಕಬೇಕು ಅಂತ ತಿಳಿಸಲು. 5ನೇ ನಂಬರ್ ಅಂದರೆ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. 8ನೇ ನಂಬರ್ ಆದರೆ ಸುಮಾರು ಹದಿಮೂರೂವರೆ ಗ್ರಾಂ.

ಈಗ ಬೀಸುವುದು. ಲೈನನ್ನು ಮೊದಲು ಹಿಂದಕ್ಕೆ ಎತ್ತಿ ಬೀಸಬೇಕು. ಅದು ಬೆನ್ನ ಹಿಂದೆ ಗಾಳಿಯಲ್ಲಿ ನೆಟ್ಟಗೆ ಬಿಚ್ಚಿಕೊಳ್ಳುವ ತನಕ ಕಾಯಬೇಕು. ಆಮೇಲೆ ಮುಂದಕ್ಕೆ. ಪಕ್ಕದಿಂದ ನೋಡಿದರೆ ರಾಡ್ ಗಡಿಯಾರದ ಹತ್ತು ಗಂಟೆ ಮತ್ತು ಎರಡು ಗಂಟೆಯ ನಡುವೆ ಓಡಾಡುತ್ತದೆ. ಹೊಸಬರೆಲ್ಲ ಎಡವುವುದು ಎರಡು ಕಡೆ. ಒಂದು, ಹಿಂದೆ ಕಾಯುವುದಿಲ್ಲ. ಲೈನ್ ಇನ್ನೂ ಮಡಚಿಕೊಂಡಿರುವಾಗಲೇ ಮುಂದಕ್ಕೆ ಎಳೆಯುತ್ತಾರೆ, ಚಟ್ ಅಂತ ಶಬ್ದ ಬರುತ್ತದೆ, ಫ್ಲೈ ಕಿತ್ತು ಹೋಗಿರುತ್ತದೆ. ಎರಡು, ರಾಡನ್ನು ತಟ್ಟನೆ ನಿಲ್ಲಿಸುವುದಿಲ್ಲ. ಲೈನ್ ಮುಂದೆ ಹೋಗುವುದೇ ರಾಡ್ ನಿಂತಾಗ. ದೋಸೆ ಕಾವಲಿ ಕಾದಿದೆಯಾ ಅಂತ ಬೆರಳಲ್ಲಿ ನೀರು ಚಿಮುಕಿಸುತ್ತೀರಲ್ಲ, ಕೈ ಗಕ್ಕನೆ ನಿಲ್ಲುತ್ತದೆ, ನೀರು ಹಾರುತ್ತದೆ. ಸರಿಯಾಗಿ ಅದೇ ಚಲನೆ. ಕೈಯನ್ನು ಕಾವಲಿ ತನಕ ಒಯ್ದರೆ ನೀರು ಹಾರುವುದಿಲ್ಲ.

ಇದರಲ್ಲಿ ಬಲದ ಪಾಲು ತೀರಾ ಕಮ್ಮಿ. ಅಮೆರಿಕದ ಜೋನ್ ವುಲ್ಫ್ ಎಂಬಾಕೆ 1951ರಲ್ಲಿ ದೂರ ಎಸೆಯುವ ಸ್ಪರ್ಧೆಯೊಂದರಲ್ಲಿ ಗಂಡಸರ ಎದುರು ನಿಂತು ಗೆದ್ದವರು. ಮುಂದೆ ದಶಕಗಳ ಕಾಲ ಜನರಿಗೆ ಕಾಸ್ಟಿಂಗ್, ಅಂದರೆ ಹೀಗೆ ಲೈನ್ ಬೀಸುವುದನ್ನು, ಕಲಿಸಿದರು. ನನ್ನ ಅನುಭವದಲ್ಲೂ ಹೆಂಗಸರು ಬೇಗ ಕಲಿಯುತ್ತಾರೆ. ಗಟ್ಟಿ ತೋಳಿನವರು ರಾಡ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ರಾಡೇ ಗೆಲ್ಲುತ್ತದೆ.

ಭುಜದ ವಿಷಯ. ಫ್ರೋಜನ್ ಶೋಲ್ಡರ್ ಪೂರ್ತಿ ವಾಸಿಯಾಗಿದ್ದರೆ ಹೆದರಬೇಕಿಲ್ಲ. ಆದರೆ ಶುರು ಮಾಡುವ ಮೊದಲು ನಿಮ್ಮ ಫಿಸಿಯೋಥೆರಪಿಸ್ಟ್ ಮುಂದೆ ಒಂದು ಕೋಲು ಹಿಡಿದು ಈ ಚಲನೆ ಮಾಡಿ ತೋರಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಈ ತೊಂದರೆ ಜಾಸ್ತಿ, ಇನ್ನೊಂದು ಭುಜಕ್ಕೂ ಬರಬಹುದು. ನಿಮಗೆ ಸಕ್ಕರೆ ಇದ್ದರೆ ಅದನ್ನೂ ಹೇಳಿ. ಬೀಸುವಾಗ ಮೊಣಕೈ ಪಕ್ಕೆಲುಬಿನ ಹತ್ತಿರವೇ ಇರಲಿ. ಕೈ ಭುಜಕ್ಕಿಂತ ಮೇಲೆ ಹೋಗುವ ಅಗತ್ಯವೇ ಇಲ್ಲ. ಸಿನಿಮಾದಲ್ಲಿ ತೋಳು ಮೇಲೆತ್ತಿ ಗಾಳಿಯಲ್ಲಿ ಲೈನ್ ಸುತ್ತಿಸುವುದು ನೋಡಲು ಚೆಂದ. ಮೀನಿಗೂ ಭುಜಕ್ಕೂ ಅದರಿಂದ ಏನೂ ಲಾಭವಿಲ್ಲ. ನೋವು ಬಂದ ದಿನ ರಾಡನ್ನು ಅಡ್ಡಕ್ಕೆ, ಸೊಂಟದ ಎತ್ತರದಲ್ಲಿ ಬೀಸಿ. ಅಡ್ಡ ಬೀಸಿದರೂ ಲೈನ್ ಹೋಗುತ್ತದೆ, ಮರದ ಕೊಂಬೆ ಕೆಳಗೆ ಫ್ಲೈ ನುಗ್ಗಿಸಲು ನಾವೆಲ್ಲ ಹಾಗೇ ಮಾಡುವುದು.

ಅಭ್ಯಾಸಕ್ಕೆ ಹೊಳೆ ಬೇಡ. ಮನೆ ಹತ್ತಿರ ಹುಲ್ಲಿರುವ ಮೈದಾನ ಸಾಕು. ಸಿಮೆಂಟ್ ನೆಲ, ಟಾರ್ ರಸ್ತೆ ಬೇಡ, ಲೈನಿನ ಲೇಪ ಕಿತ್ತುಹೋಗುತ್ತದೆ. ಹುಕ್ಕಿನ ಬದಲು ತುದಿಗೆ ಬಣ್ಣದ ಉಲ್ಲನ್ ದಾರದ ತುಂಡು ಕಟ್ಟಿ. ಮೂವತ್ತು ಅಡಿಗಿಂತ ಹೆಚ್ಚು ಲೈನ್ ಬಿಡಬೇಡಿ. ತಿರುಗಿ ಹಿಂದೆ ನೋಡಿ, ಲೈನ್ ನೆಟ್ಟಗಾಯಿತಾ ಅಂತ. ಕತ್ತು ತಿರುಗಿಸಲು ನಾಚಿಕೊಂಡವರು ತಿಂಗಳಾದರೂ ಅಲ್ಲೇ ಇರುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಮಾಡಿ, ಭಾನುವಾರ ಎರಡು ಗಂಟೆ ಬೇಡ. ವಾಕಿಂಗ್ ಬರುವವರು ನಿಂತು ನೋಡುತ್ತಾರೆ, ಮೇಡಂ ಇಲ್ಲಿ ಮೀನಿಲ್ಲ ಅಂತ ಒಬ್ಬರಾದರೂ ಹೇಳುತ್ತಾರೆ. ನಕ್ಕುಬಿಡಿ.

ಮಲೆನಾಡಿನ ಹಳ್ಳಗಳಿಗೆ ಇನ್ನೊಂದು ವಿದ್ಯೆ ಬೇಕು. ಅಲ್ಲಿ ಬೆನ್ನ ಹಿಂದೆ ಬರೀ ಗಿಡ, ಬಳ್ಳಿ, ಬಿದಿರು ಮುಳ್ಳು. ಹಿಂದೆ ಬೀಸಲು ಜಾಗವಿಲ್ಲ. ಆಗ ರೋಲ್ ಕಾಸ್ಟ್ ಮಾಡುತ್ತೇವೆ. ರಾಡನ್ನು ನಿಧಾನ ಹಿಂದಕ್ಕೆ ಎತ್ತಿ, ಲೈನ್ ಕಿವಿಯ ಹಿಂದೆ ಜೋತು ಬೀಳುವಂತೆ ಮಾಡಿ, ಮುಂದಕ್ಕೆ ಒತ್ತಿ ನಿಲ್ಲಿಸಿದರೆ ಲೈನ್ ನೀರಿನ ಮೇಲೇ ಉರುಳಿಕೊಂಡು ಹೋಗುತ್ತದೆ. ಇದಕ್ಕೆ ಲೈನನ್ನು ನೀರು ಹಿಡಿದಿರಬೇಕು, ಹುಲ್ಲಿನ ಮೇಲೆ ಸರಿಯಾಗಿ ಬರುವುದಿಲ್ಲ. ಪರಿಚಯದವರ ತೋಟದಲ್ಲಿ ಕೃಷಿ ಹೊಂಡ ಇದ್ದರೆ ಅಲ್ಲಿ ಕಲಿಯಿರಿ.

ಕಣ್ಣಿನ ಸಮಸ್ಯೆ ಭುಜಕ್ಕಿಂತ ಹೆಚ್ಚು ಕಾಡುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಲೈನಿನ ತುದಿಗೆ ಲೀಡರ್ ಅಂತ ಒಂಬತ್ತು ಅಡಿಯ ನೈಲಾನ್ ಎಳೆ ಇರುತ್ತದೆ, ತುದಿಗೆ ಹೋದಂತೆ ಸಣ್ಣದಾಗುತ್ತದೆ. ಅದರ ತುದಿಗೆ ಟಿಪೆಟ್ ಎಂಬ ಇನ್ನೂ ಸಣ್ಣ ಎಳೆ. 5 ಎಕ್ಸ್ ಟಿಪೆಟ್ ಅಂದರೆ 0.15 ಮಿಲಿಮೀಟರ್ ದಪ್ಪ. ಅದನ್ನು ಜೋಳದ ಕಾಳಿಗಿಂತ ಚಿಕ್ಕ ಫ್ಲೈಯ ಕಣ್ಣಿನೊಳಗೆ, ಅಂದರೆ ಹುಕ್ಕಿನ ತೂತಿನೊಳಗೆ, ಪೋಣಿಸಬೇಕು. ಸಂಜೆ ಬೆಳಕಿನಲ್ಲಿ, ಅದೇ ಹೊತ್ತಿಗೆ ಮೀನು ಎದುರಲ್ಲೇ ಹುಳ ತಿನ್ನುತ್ತಿದ್ದರೆ, ಯಾರಿಗಾದರೂ ಕೈ ನಡುಗುತ್ತದೆ. ಟೋಪಿಯ ಅಂಚಿಗೆ ಸಿಕ್ಕಿಸುವ ಭೂತಕನ್ನಡಿ ಸಿಗುತ್ತದೆ, ಕೊಳ್ಳಿ. ಪೋಣಿಸುವಾಗ ಹುಕ್ಕನ್ನು ಆಕಾಶಕ್ಕೆ ಅಥವಾ ಬಿಳಿ ಕರ್ಚೀಫಿಗೆ ಎದುರಾಗಿ ಹಿಡಿಯಿರಿ. ಹುಕ್ಕಿನ ನಂಬರ್ ದೊಡ್ಡದಾದಷ್ಟೂ ಹುಕ್ಕು ಚಿಕ್ಕದು. 18, 20ರ ಸಹವಾಸ ಬೇಡ, 10ರಿಂದ 14ರೊಳಗೆ ಇರಿ. ಮನೆಯಲ್ಲೇ ಒಳ್ಳೆ ದೀಪದ ಕೆಳಗೆ ಕೂತು ಐದಾರು ಫ್ಲೈಗಳಿಗೆ ಒಂದೊಂದು ಮೊಳ ಟಿಪೆಟ್ ಕಟ್ಟಿಟ್ಟುಕೊಂಡು ಹೋಗಿ. ಹೊಳೆ ದಡದಲ್ಲಿ ದಪ್ಪ ಎಳೆಗೆ ಗಂಟು ಹಾಕಿದರೆ ಮುಗಿಯಿತು. ಗಂಟುಗಳಲ್ಲಿ ಎರಡು ಬಂದರೆ ಸಾಕು. ಹುಕ್ಕಿಗೆ ಕ್ಲಿಂಚ್, ಎಳೆಗೆ ಎಳೆ ಸೇರಿಸಲು ಸರ್ಜನ್ಸ್ ಗಂಟು. ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ, ಒಣಗಿದ ನೈಲಾನ್ ಉಜ್ಜಿಕೊಂಡು ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ. ಪೋಲರೈಸ್ಡ್ ಕನ್ನಡಕವನ್ನು ಮಾತ್ರ ಬಿಡಬೇಡಿ. ನೀರಿನ ಮೇಲಿನ ಹೊಳಪು ಹೋಗಿ ತಳದ ಕಲ್ಲು, ಮೀನು ಎಲ್ಲ ಕಾಣುತ್ತವೆ. ಹಾರಿ ಬರುವ ಹುಕ್ಕಿನಿಂದ ಕಣ್ಣಿಗೂ ರಕ್ಷಣೆ.

ಕೊಳ್ಳುವ ವಿಷಯಕ್ಕೆ ಬರೋಣ. ಒಂಬತ್ತು ಅಡಿಯ, ನಾಲ್ಕು ತುಂಡಾಗಿ ಬಿಚ್ಚುವ, 5ನೇ ನಂಬರ್ ರಾಡ್. ಅದಕ್ಕೆ ತೇಲುವ ಲೈನ್, ಡಬ್ಬಿ ಮೇಲೆ ಡಬ್ಲ್ಯೂಎಫ್5ಎಫ್ ಅಂತಿರುತ್ತದೆ. ಒಂದು ಸಾದಾ ರೀಲ್. ಕೊಲರಾಡೊದ ಟ್ರೌಟ್ ಎಂಬ ತಣ್ಣೀರಿನ ಮೀನಿಗೂ ನಮ್ಮ ಸಣ್ಣ ಮೀನುಗಳಿಗೂ ಇದೇ ಆಗುತ್ತದೆ. ಹೊಸಬರಿಗೆ ಅಂತ ಎಲ್ಲ ಸೇರಿಸಿದ ಕಿಟ್ ಅಮೆರಿಕದಲ್ಲಿ 150ರಿಂದ 250 ಡಾಲರಿಗೆ ಒಳ್ಳೆಯದೇ ಸಿಗುತ್ತದೆ. ಇಲ್ಲಿ ಫ್ಲೈ ಸಾಮಾನು ಇಟ್ಟಿರುವ ಅಂಗಡಿಗಳು ಕಮ್ಮಿ. ಹಾಗಾಗಿ ಅಲ್ಲಿಂದ ಬರುವವರ ಹತ್ತಿರ ತರಿಸಿಕೊಳ್ಳಿ. ದುಡ್ಡು ಉಳಿಸಬೇಕೆಂದರೆ ರೀಲಿನಲ್ಲಿ ಉಳಿಸಿ, ಸಣ್ಣ ಮೀನಿಗೆ ಅದು ಬರೀ ಲೈನ್ ಸುತ್ತಿಡುವ ಡಬ್ಬಿ. ಲೈನಿನಲ್ಲಿ ಮಾತ್ರ ಉಳಿಸಬೇಡಿ. ಕೆಟ್ಟ ಲೈನ್ ಹಾಕಿದರೆ ಎಂಥ ರಾಡೂ ಕೆಲಸ ಮಾಡುವುದಿಲ್ಲ.

ನಿಮಗೆ ಇನ್ನೊಂದು ದಾರಿಯೂ ಇದೆ, ನನ್ನನ್ನು ಕೇಳಿದರೆ ಅದನ್ನೇ ಮೊದಲು ಹಿಡಿಯಿರಿ. ಜಪಾನಿನ ಬೆಟ್ಟದ ಹಳ್ಳಗಳಲ್ಲಿ ಟೆಂಕಾರಾ ಎಂಬ ಪದ್ಧತಿಯಿದೆ. ಹನ್ನೊಂದು, ಹನ್ನೆರಡು ಅಡಿಯ ಸಪೂರ ಕೋಲು, ಅದರ ತುದಿಗೇ ಕಟ್ಟಿದ ದಾರ, ದಾರದ ತುದಿಗೆ ಒಂದು ಫ್ಲೈ. ರೀಲ್ ಇಲ್ಲ. ಮೊದಲು ಬಿದಿರಿನ ಕೋಲು, ಈಗ ಒಂದರೊಳಗೆ ಒಂದು ಸೇರುವ ಕಾರ್ಬನ್ ಕೋಲು. ಮಡಚಿದರೆ ಎರಡು ಅಡಿ ಉದ್ದ, ಹಗುರ ಎಷ್ಟೆಂದರೆ ಭುಜಕ್ಕೆ ಗೊತ್ತೇ ಆಗುವುದಿಲ್ಲ. ನಿಮ್ಮ ಮಾವ ಇದನ್ನು ನೋಡಿದ್ದರೆ, ಇದರಲ್ಲೇನಿದೆ ಹೊಸದು ಅಂತ ಕೇಳುತ್ತಿದ್ದರು, ಅಲ್ವಾ? ಎರೆಹುಳದ ಬದಲು ಗರಿ, ವಾಟೆ ಬದಲು ಕಾರ್ಬನ್, ಅಷ್ಟೇ ವ್ಯತ್ಯಾಸ. ನೀರು ಓದುವುದು, ಫ್ಲೈಯನ್ನು ಸೆಳವಿನ ಜೊತೆ ಬಿಡುವುದು, ಕಚ್ಚಿದಾಗ ಎತ್ತುವುದು ಮೂರನ್ನೂ ಇದರಲ್ಲಿ ಕಲಿತು, ಕಾಸ್ಟಿಂಗನ್ನು ಮೈದಾನದಲ್ಲಿ ಬೇರೆಯಾಗಿ ಕಲಿತರೆ, ಎರಡೂ ಒಂದು ದಿನ ಸೇರಿಕೊಳ್ಳುತ್ತವೆ.

ಸೆಳವಿನ ಜೊತೆ ಬಿಡುವುದು ಅಂದೆನಲ್ಲ, ಅದನ್ನು ಸ್ವಲ್ಪ ವಿವರಿಸಬೇಕು. ನಿಜವಾದ ಹುಳ ನೀರಿಗೆ ಬಿದ್ದರೆ ನೀರು ಹೋದ ವೇಗಕ್ಕೇ ಹೋಗುತ್ತದೆ. ನಮ್ಮ ಫ್ಲೈಗೆ ದಾರ ಕಟ್ಟಿದೆ. ನಡುವೆ ನೀರು ಜೋರಾಗಿ ಹರಿಯುತ್ತಿದ್ದರೆ ಅದು ದಾರವನ್ನು ಎಳೆಯುತ್ತದೆ, ದಾರ ಫ್ಲೈಯನ್ನು ಎಳೆಯುತ್ತದೆ. ಹುಳ ನೀರಿಗೆ ಅಡ್ಡಲಾಗಿ ಗೀರೆಳೆದುಕೊಂಡು ಓಡಿದರೆ ಮೀನು ನೋಡಿ ಸುಮ್ಮನಾಗುತ್ತದೆ. ಅದಕ್ಕೇ ಲೈನ್ ಬಿದ್ದ ತಕ್ಷಣ ರಾಡ್ ತುದಿಯಿಂದ ಅದರ ಹೊಟ್ಟೆಯನ್ನು, ಅಂದರೆ ಬಾಗಿದ ನಡುಭಾಗವನ್ನು, ಎತ್ತಿ ಸೆಳವಿನ ಮೇಲ್ಗಡೆಗೆ ಹಾಕುತ್ತೇವೆ. ಹೀಗೆ ಲೈನ್ ತಿದ್ದುವುದೇ ಮೆಂಡಿಂಗ್. ಎಲ್ಲಿ ಬಿಡಬೇಕು ಅನ್ನುವುದಕ್ಕೆ ನೊರೆ ನೋಡಿ. ಬಂಡೆ ಬಳಸಿ ಬರುವ ನೊರೆ ಯಾವ ಗೆರೆಯಲ್ಲಿ ಸಾಗುತ್ತದೋ ಹುಳಹುಪ್ಪಟೆಯೂ ಅದೇ ಗೆರೆಯಲ್ಲಿ ಬರುತ್ತದೆ. ಮೀನು ಪಕ್ಕದ ನಿಧಾನ ನೀರಿನಲ್ಲಿ ನಿಂತು ಆ ಗೆರೆಗೆ ಬಾಯಿ ಹಾಕುತ್ತದೆ.

ಈಗ ಜಾಗ. ಮೊದಲೇ ಹೇಳಿಬಿಡುತ್ತೇನೆ, ಫ್ಲೈ ಫಿಶಿಂಗ್ ಅಂದ ತಕ್ಷಣ ಯಾರಾದರೂ ಕಾವೇರಿಯ ಮಹಶೀರ್ ಎಂಬ ದೊಡ್ಡ ಹೊಳೆಮೀನಿನ ಚಿತ್ರ ತೋರಿಸುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ಮೀನು ಹಿಡಿದರು. ಆ ಕಥೆ ಇವತ್ತಿಗೂ ಓಡಾಡುತ್ತದೆ. ಆ ಗೂನು ಬೆನ್ನಿನ ಮಹಶೀರ್ ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಹೆಸರಾಂತ ಗಾಳದ ಕ್ಯಾಂಪುಗಳು ಕಾವೇರಿ ವನ್ಯಧಾಮದೊಳಗೆ ಬರುತ್ತವೆ, ಅಲ್ಲಿ ಗಾಳ ಹಾಕುವುದು ನಿಂತು ಹತ್ತು ವರ್ಷದ ಮೇಲಾಯಿತು. ಇದಕ್ಕೆ ಬೇಜಾರು ಪಡುವ ಹಳಬರು ಬಹಳ ಇದ್ದಾರೆ. ಕ್ಯಾಂಪಿನವರ ಓಡಾಟವಿದ್ದಾಗ ಡೈನಮೈಟ್ ಹಾಕುವವರು ಹತ್ತಿರ ಬರುತ್ತಿರಲಿಲ್ಲ ಅನ್ನುವುದು ಅವರ ವಾದ, ಅದರಲ್ಲಿ ಹುರುಳಿದೆ. ಆದರೆ ಕಾನೂನು ಕಾನೂನೇ. ಮಹಶೀರಿಗೆ 8ನೇ ನಂಬರಿಗಿಂತ ಮೇಲಿನ ರಾಡ್ ಬೇಕು, ದಿನವಿಡೀ ಭಾರದ ಫ್ಲೈ ಎಸೆಯಬೇಕು. ನಿಮ್ಮ ಭುಜಕ್ಕೆ ಅದು ಹೇಳಿಸಿದ್ದಲ್ಲ. ನಿಮ್ಮ ನೆನಪಿನಲ್ಲಿರುವುದೂ ಅದಲ್ಲ, ತೋಟದ ಕೆಳಗಿನ ಹಳ್ಳ ಮತ್ತು ಅಂಗೈಯಷ್ಟು ಮೀನು. ಅದನ್ನೇ ಹುಡುಕಿ.

ಅಂಗೈಯಷ್ಟು ಮೀನು ನಮ್ಮಲ್ಲಿ ಬೇಕಾದಷ್ಟಿದೆ. ಪಕ್ಕೆ, ಗೆಂಡೆ ಜಾತಿಯ ಸಣ್ಣ ಮೀನುಗಳು 14ನೇ ನಂಬರಿನ ಕಂದು ಫ್ಲೈಗೆ ಬರುತ್ತವೆ. ಕೆರೆಗಳಲ್ಲಿ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ನೀರೊಳಗಿನ ಮರಿಹುಳದಂತೆ ಕಾಣುವ, ಮುಳುಗುವ ಸಣ್ಣ ನಿಂಫ್ ಫ್ಲೈಯನ್ನು ನಿಧಾನ ಎಳೆದರೆ ಕಚ್ಚುತ್ತದೆ. ಕೊರವ ಮೀನಿಗೆ ಕಪ್ಪೆಯ ಹಾಗೆ ತೇಲುವ ಫ್ಲೈ ಇಷ್ಟ. ಆದರೆ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಬೀಸಬೇಡಿ. ಕೆಳಗೆ ತಂದೆತಾಯಿ ಕಾವಲಿರುತ್ತವೆ, ಮರಿಗಳ ಹತ್ತಿರ ಏನು ಬಂದರೂ ನುಗ್ಗುತ್ತವೆ. ಅವನ್ನು ಹಿಡಿದರೆ ಮರಿಗಳು ಬೇರೆ ಮೀನಿನ ಪಾಲು.

ಮಲೆನಾಡಿನಲ್ಲಿ ಎರಡು ಸಮಯ ನೋಡಿಕೊಳ್ಳಿ. ಅತ್ತಿ ಹಣ್ಣು ಬೀಳುವಾಗ ಹೊಳೆಗೆ ಬಾಗಿದ ಮರದ ಕೆಳಗೆ ಮೀನು ಕಾಯುತ್ತಿರುತ್ತದೆ. ಹಣ್ಣು ಟಪ್ ಅಂತ ಬಿದ್ದ ಕಡೆಗೇ ತಿರುಗುತ್ತದೆ. ಕಂದುಗೆಂಪು ಫೋಮನ್ನು ಉಂಡೆಯಾಗಿ ಕತ್ತರಿಸಿ ಹುಕ್ಕಿಗೆ ಅಂಟಿಸಿದರೆ ಅತ್ತಿ ಹಣ್ಣಿನ ಫ್ಲೈ ತಯಾರು. ಇದನ್ನು ಮಾತ್ರ ಮೆತ್ತಗೆ ಇಳಿಸಬಾರದು, ಶಬ್ದ ಬರುವಂತೆ ಬೀಳಿಸಬೇಕು. ಇನ್ನೊಂದು, ಏಪ್ರಿಲ್ ಮೇ ತಿಂಗಳ ಮೊದಲ ಮಳೆ. ಮಣ್ಣಿನಿಂದ ರೆಕ್ಕೆಯ ಮಳೆಹುಳ ಏಳುತ್ತವೆ, ನೀರಿಗೆ ಬೀಳುತ್ತವೆ, ಅರ್ಧ ಗಂಟೆ ಹೊಳೆಯಿಡೀ ಬಾಯಿಗಳು. ಆಗ ಯಾವ ಫ್ಲೈ ಹಾಕಿದರೂ ನಡೆಯುತ್ತದೆ. ಗುಡುಗು ಕೇಳಿದರೆ ಮಾತ್ರ ರಾಡ್ ಕೆಳಗಿಟ್ಟು ಓಡಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟ್ ತಂತಿ ಕೆಳಗೂ ಬೀಸಬೇಡಿ.

ಜೂನ್‌ನಿಂದ ನಾಲ್ಕು ತಿಂಗಳು ರಾಡ್ ಗೋಡೆಗೆ ಒರಗಲಿ. ಕೆಂಪು ನೀರಿನಲ್ಲಿ ಮೀನಿಗೆ ಫ್ಲೈ ಕಾಣುವುದಿಲ್ಲ, ಅದೊಂದು ಕಾರಣ. ಮೊಟ್ಟೆಯಿಡಲು ಹಳ್ಳ ಹತ್ತುವ ಕಾಲ ಅದು, ಇದು ದೊಡ್ಡ ಕಾರಣ. ನೀವು ಚಿಕ್ಕವರಿದ್ದಾಗ ಹತ್ತುಮೀನು ಕಡಿಯಲು ಊರೇ ಗದ್ದೆಗೆ ಇಳಿಯುತ್ತಿತ್ತು, ನೆನಪಿರಬಹುದು. ಆವತ್ತಿನ ಹೊಳೆ ಅದನ್ನು ತಡೆದುಕೊಂಡಿತು. ಅಣೆಕಟ್ಟು, ಮರಳು ಲಾರಿ, ತೋಟದ ಔಷಧಿ ಎಲ್ಲ ಬಂದ ಮೇಲಿನ ಹೊಳೆ ತಡೆದುಕೊಳ್ಳುವುದಿಲ್ಲ. ಊರಿಗೆ ಹೋದಾಗ ನಿಮ್ಮ ಹಳ್ಳವೂ ಹಾಗೇ ಇರಲಿಕ್ಕಿಲ್ಲ, ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ಅನುಮತಿ ಇಲ್ಲದೆ ಎಲ್ಲೂ ಗಾಳ ಹಾಕಬೇಡಿ. ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳಲ್ಲಿ ಸುತರಾಂ ಇಲ್ಲ. ಕುದುರೆಮುಖ, ಸೋಮೇಶ್ವರ, ಭದ್ರಾ, ಶರಾವತಿ ಎಲ್ಲ ಅದರಲ್ಲಿ ಬಂದವು. ಬಹಳಷ್ಟು ಕೆರೆಗಳನ್ನು ಮೀನು ಸಾಕಲು ಗುತ್ತಿಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನು ಕೇಳಿ. ಜಿಲೇಬಿ ಮಾತ್ರ ಹಿಡಿಯುತ್ತೇನೆ ಅಂದರೆ ಖುಷಿಯಿಂದ ಬಿಡುವವರು ಬಹಳ. ಹೊಳೆಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಕೊಡಗಿನಲ್ಲಿ ವಾಲ್ನೂರು ಕಡೆಯ ಕಾವೇರಿಯನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ನೋಡಿಕೊಂಡು ಬಂದಿದೆ, ಪರವಾನಗಿ ಪಡೆದು ಹಿಡಿದು ಬಿಡುವ ಪದ್ಧತಿ. ಬೆಂಗಳೂರಿನಲ್ಲಿ 1972ರಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಇದೆ. ಎರಡಕ್ಕೂ ಮೊದಲೇ ಫೋನ್ ಮಾಡಿ ಈ ವರ್ಷದ ನಿಯಮ ತಿಳಿದುಕೊಳ್ಳಿ. ನಮ್ಮ ದೇಶದಲ್ಲೇ ಟ್ರೌಟ್ ಬೇಕೆಂದರೆ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ. ನವೆಂಬರ್‌ನಿಂದ ಫೆಬ್ರವರಿ ತನಕ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ. ಉಳಿದ ಕಾಲದಲ್ಲಿ ಇಲಾಖೆಯ ಪರವಾನಗಿ ಪಡೆದು ಹಿಡಿಯಬಹುದು.

ರಾಡ್ ಇಲ್ಲದೆ ಹೋಗಬೇಕಾದ ಜಾಗವೂ ಒಂದಿದೆ, ನಿಮ್ಮೂರಲ್ಲೇ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ದೇವರ ಮೀನುಗಳಿವೆ, ಶೃಂಗೇರಿಯಲ್ಲೂ ಇವೆ. ಮಂಡಕ್ಕಿ ಎಸೆದಾಗ ಜನ ನೋಡುತ್ತಾರೆ, ನೀವು ಎಸೆಯದೆ ಇರುವಾಗ ನೋಡಿ. ಸೆಳವಿಗೆ ಮುಖ ಮಾಡಿ ಹೇಗೆ ನಿಲ್ಲುತ್ತವೆ, ಯಾವುದು ಮುಂದೆ ನಿಲ್ಲುತ್ತದೆ, ಎಲೆ ಬಂದರೆ ಹೇಗೆ ಬಾಯಿಗೆ ಹಾಕಿ ಉಗುಳುತ್ತವೆ. ಆ ಉಗುಳುವ ಗಳಿಗೆ ಬಹಳ ಮುಖ್ಯ. ಫ್ಲೈಯನ್ನೂ ಅಷ್ಟೇ ಬೇಗ ಉಗುಳುತ್ತವೆ. ಎರೆಹುಳ ಆದರೆ ನುಂಗುವ ತನಕ ಕಾಯಬಹುದಿತ್ತು, ಇಲ್ಲಿ ತಡ ಮಾಡುವಂತಿಲ್ಲ.

ಹಿಡಿದ ಮೀನನ್ನು ಏನು ಮಾಡುವುದು ಅಂತ ನೀವು ಕೇಳಿಲ್ಲ, ಆದರೂ ಮನೆಯಲ್ಲಿ ಯಾರಾದರೂ ಕೇಳುತ್ತಾರೆ. ಬಿಡೋದಕ್ಕೆ ಯಾಕೆ ಹಿಡೀಬೇಕು ಅಂತ. ನ್ಯಾಯವಾದ ಪ್ರಶ್ನೆಯೇ. ನನ್ನ ಲೆಕ್ಕ ಹೀಗಿದೆ. ಜಿಲೇಬಿ, ಆಫ್ರಿಕನ್ ಕ್ಯಾಟ್‌ಫಿಶ್ ಹೊರಗಿನಿಂದ ಬಂದು ನಮ್ಮ ಮೀನುಗಳ ಜಾಗ ತಿಂದಿವೆ. ಸಿಕ್ಕಿದರೆ ಬಿಡಬೇಡಿ. ನೀರು ಚೆನ್ನಾಗಿರುವ ಕೆರೆಯ ಜಿಲೇಬಿ ಹುರಿದರೆ ರುಚಿಯಾಗಿರುತ್ತದೆ. ಹೊಳೆಯ ನಮ್ಮ ಮೀನನ್ನು ಬಿಟ್ಟುಬಿಡಿ. ಬಿಡುವುದಾದರೆ ಸರಿಯಾಗಿ ಬಿಡಬೇಕು. ಹುಕ್ಕಿನ ಮೊನೆಯ ಹಿಂದಿರುವ ಎದುರುಮುಳ್ಳನ್ನು ಮೊದಲೇ ಇಕ್ಕುಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣಗೈ ತಾಗಿದರೆ ಮೀನಿನ ಲೋಳೆ ಕಿತ್ತುಬಂದು ಬೂಸಲು ಹಿಡಿಯುತ್ತದೆ. ನೀರಿನಲ್ಲೇ ಹುಕ್ಕು ಬಿಡಿಸಿ. ಫೋಟೋ ಬೇಕಾದರೆ ನಿಮ್ಮ ಉಸಿರು ಹಿಡಿದು ಎತ್ತಿ, ನಿಮಗೆ ಉಸಿರು ಕಟ್ಟುವ ಮೊದಲು ಇಳಿಸಿ.

ನೀರಿಗೆ ಇಳಿಯುವ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಮೊಣಕಾಲಿಗಿಂತ ಮೇಲೆ ನೀರು ಬೇಡ. ಪಾಚಿಗಟ್ಟಿದ ಬಂಡೆ ಮೇಲೆ ಈ ವಯಸ್ಸಿನಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಆರು ತಿಂಗಳು ಹೋಯಿತು. ಕೈಯಲ್ಲೊಂದು ಊರುಗೋಲು ಇರಲಿ, ಒಂದು ಕಾಲು ಗಟ್ಟಿಯಾದ ಮೇಲೇ ಇನ್ನೊಂದು ಎತ್ತಿ. ಅಣೆಕಟ್ಟಿನ ಕೆಳಗಿನ ಹೊಳೆಗೆ ಇಳಿಯಲೇಬೇಡಿ, ನೀರು ಬಿಟ್ಟರೆ ಬಿಸಿಲಿನ ದಿನವೂ ಏರುತ್ತದೆ. ಕಾವೇರಿ, ಕಬಿನಿ, ಕಾಳಿಯಲ್ಲಿ ಮೊಸಳೆಗಳಿವೆ, ಅಲ್ಲಿ ದಡದ ಅಂಚಿನಲ್ಲೂ ಕೂರಬೇಡಿ. ಒಬ್ಬರೇ ಹೋಗಬೇಡಿ. ಉಂಬಳದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ಕೊಲರಾಡೊ. ಮೇ, ಜೂನ್‌ನಲ್ಲಿ ಹೋಗಬೇಡಿ. ಹಿಮ ಕರಗಿ ಹೊಳೆಗಳು ಉಕ್ಕಿ ಹರಿಯುವ ಕಾಲ ಅದು. ಜುಲೈ ಕೊನೆಯಿಂದ ಸೆಪ್ಟೆಂಬರ್ ಒಳ್ಳೆಯದು. ನೀವು ಎಸ್ಟೆಸ್ ಪಾರ್ಕಿನಲ್ಲಿ ನೋಡಿದ ಹೊಳೆ ಬಿಗ್ ಥಾಂಪ್ಸನ್ ಇರಬೇಕು, ಊರೊಳಗೇ ಹರಿಯುತ್ತದೆ. ಊರು ಏಳೂವರೆ ಸಾವಿರ ಅಡಿ ಎತ್ತರದಲ್ಲಿದೆ. ಮೊದಲ ದಿನ ಸುಮ್ಮನೆ ಅಡ್ಡಾಡಿ, ನೀರು ಚೆನ್ನಾಗಿ ಕುಡಿಯಿರಿ. ಮಧ್ಯಾಹ್ನ ಸಿಡಿಲು ಮಳೆ ಮಾಮೂಲು, ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬಂದುಬಿಡಿ. 16 ವರ್ಷ ದಾಟಿದ ಎಲ್ಲರಿಗೂ ರಾಜ್ಯದ ಲೈಸೆನ್ಸ್ ಬೇಕು, ಒಂದು ದಿನದ್ದೂ ಸಿಗುತ್ತದೆ. ಪಕ್ಕದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲೂ ಅದೇ ಲೈಸೆನ್ಸ್ ನಡೆಯುತ್ತದೆ, ಆದರೆ ದೊಡ್ಡವರು ಎರೆಹುಳ ಹಾಕುವಂತಿಲ್ಲ. ಮೊದಲ ದಿನಕ್ಕೆ ಅರ್ಧ ದಿನದ ಗೈಡ್ ತೆಗೆದುಕೊಳ್ಳಿ. ದುಬಾರಿ, ಮೇಲೆ ಟಿಪ್ಸ್ ಬೇರೆ, ಆದರೂ ಹೊಸ ರಾಡಿಗಿಂತ ಅದೇ ದುಡ್ಡಿಗೆ ಬೆಲೆ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇಬ್ಬರಿಗೆ ಗೈಡ್ ಖರ್ಚು ದುಪ್ಪಟ್ಟಾಗುವುದಿಲ್ಲ.

ವಾಪಸ್ ಬರುವಾಗ ಹುಕ್ಕಿನ ಡಬ್ಬಿ ಚೆಕ್-ಇನ್ ಸೂಟ್‌ಕೇಸಿನಲ್ಲಿರಲಿ. ಬೂಟುಗಳನ್ನು ಬ್ರಷ್ ಹಾಕಿ ತೊಳೆದು ಪೂರ್ತಿ ಒಣಗಿಸಿಕೊಂಡೇ ತನ್ನಿ. ಅಲ್ಲಿನ ಕೆಲವು ಹೊಳೆಗಳಲ್ಲಿ ಟ್ರೌಟಿಗೆ ವರ್ಲಿಂಗ್ ಡಿಸೀಸ್ ಎಂಬ ರೋಗವಿದೆ, ಅದು ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗಲು ಬೂಟಿಗೆ ಮೆತ್ತಿದ ಕೆಸರೂ ಒಂದು ದಾರಿ.